ಎಡಗೈ ಬಿಟ್ಟುಕೊಟ್ಟ ಕೆಲಸಗಳು

ಬೆಳಕು ಹರಿಯುವ ಮುಂಚೆ ಮುಗಿಯಬೇಕಾದ ಕೆಲಸಗಳಿವು. ಒಲೆ ಹಚ್ಚಿ ನೀರಿಡುವುದು. ನೀರು ಕಾಯುವಷ್ಟರಲ್ಲಿ ಹಿಂದಿನ ದಿನದ ಪಾತ್ರೆ ತೊಳೆದು ಬೋರಲು ಹಾಕುವುದು. ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡುವುದು. ಅತ್ತೆಯನ್ನು ಎಬ್ಬಿಸಿ, ಕಂಕುಳಿಗೆ ಕೈಕೊಟ್ಟು ಬಚ್ಚಲಿಗೆ ನಡೆಸಿ, ಬಾಗಿಲ ಹೊರಗೆ ನಿಂತು ಕಾದು, ಮತ್ತೆ ಕರೆತಂದು ಕಿಟಕಿಯ ಪಕ್ಕ ಕೂರಿಸುವುದು. ಬಸ್ ಡ್ರೈವರ್ ಗಂಡನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು. ಅವನದು ಮೊದಲ ಪಾಳಿ, ಊರು ಏಳುವ ಮುನ್ನ ಡಿಪೋದಲ್ಲಿರಬೇಕು. ತರಕಾರಿ ಹೆಚ್ಚುವುದು. ಅವನ ಡಬ್ಬಿ, ಮಗಳ ಡಬ್ಬಿ, ಮಿಕ್ಕರೆ ತನ್ನದೂ ಒಂದು. ನೆನೆಹಾಕಿದ ಬಟ್ಟೆ ಹಿಂಡಿ, ಬಕೆಟ್ ಹೊತ್ತು ಮಹಡಿಗೆ ಹೋಗಿ ತಂತಿಯ ಮೇಲೆ ಹರವುವುದು. ಇಳಿದು ಬರುವಾಗ ಮೆಟ್ಟಿಲು ಗುಡಿಸಿಕೊಂಡೇ ಬರುವುದು. ಹೇಗೂ ಇಳಿಯಬೇಕಲ್ಲ, ಬರಿಗೈಯಲ್ಲಿ ಯಾಕೆ ಇಳಿಯುವುದು?

ಇಷ್ಟನ್ನೂ ಅವಳು ಎಡಗೈಯಲ್ಲಿ ಮಾಡುತ್ತಿದ್ದಳು. ಹುಟ್ಟಾ ಎಡಚಿ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದೂ ಹೊಡೆದೂ ಸೋತು, ‘ಹೋಗ್ಲಿ ಬಿಡು, ನಿನ್ನ ಹಣೆಬರಹಾನೂ ಎಡಗೈಯಲ್ಲೇ ಬರೆದಿರಬೇಕು’ ಅಂದಿದ್ದರಂತೆ. ಅಂದಿನಿಂದ ಅವಳ ಹೆಸರೇ ಎಡಚಿ. ಕೆಲಸದ ಜಾಗದಲ್ಲೂ ಅದೇ.

ಈ ಕೆಲಸಗಳು ಒಂದೊಂದಾಗಿ ಎಡಗೈಯಿಂದ ಬಲಗೈಗೆ ದಾಟಿಹೋದದ್ದು ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲು ಹೋದದ್ದು ಬಟ್ಟೆ ಹರವುವುದು, ಯಾಕೆಂದರೆ ತಂತಿ ತಲೆಗಿಂತ ಎತ್ತರದಲ್ಲಿತ್ತು. ಆಮೇಲೆ ಬಕೆಟ್ಟು. ಆಮೇಲೆ ಇಸ್ತ್ರಿಪೆಟ್ಟಿಗೆ. ಆಮೇಲೆ ಅತ್ತೆಯ ಕಂಕುಳು. ಹಿಟ್ಟು ನಾದುವುದನ್ನು ಮಾತ್ರ ಎಡಗೈ ಬಹಳ ದಿನ ಬಿಟ್ಟುಕೊಡಲಿಲ್ಲ. ಕೊನೆಗೆ ಅದೂ ಹೋಯಿತು. ಬಲಗೈ ಹೊಸ ಸೊಸೆಯ ಹಾಗೆ ಪ್ರತಿಯೊಂದನ್ನೂ ಮೊದಲು ಕೆಡಿಸಿ ಆಮೇಲೆ ಕಲಿಯಿತು. ಒಂದಷ್ಟು ದಿನ ಗಂಡನ ಕಾಲರಿನಲ್ಲಿ ಸುಕ್ಕು ಉಳಿಯುತ್ತಿತ್ತು. “ಕಣ್ಣು ಮಂಜಾಯ್ತೇನೇ ನಿಂಗೆ?” ಎಂದು ಅವನು ಕೇಳಿದ. ಅಷ್ಟೇ. ಡಬ್ಬಿ ಹೊತ್ತಿಗೆ ಸರಿಯಾಗಿ ತುಂಬಿದ್ದರೆ ಅದನ್ನು ಯಾವ ಕೈ ತುಂಬಿತು ಎಂದು ಯಾರು ಕೇಳುತ್ತಾರೆ?

ಗಮನಿಸಿದ್ದು ಒಬ್ಬಳೇ, ಅವಳ ಜೊತೆ ಬೆಡ್‌ಶೀಟು ಮಡಚುತ್ತಿದ್ದ ಕುಳ್ಳಿ.

ಅವರಿಬ್ಬರೂ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಮೇಲೆ ರತ್ನಗಂಬಳಿ, ದೀಪದ ಗೊಂಚಲು. ಕೆಳಗೆ ಹಬೆ, ಸೋಪಿನ ವಾಸನೆ, ಮಾತು ಕೇಳದಷ್ಟು ಯಂತ್ರಗಳ ಸದ್ದು. ಬಿಸಿ ರೋಲರಿನಿಂದ ಹೊರಬಿದ್ದ ಶೀಟನ್ನು ಇಬ್ಬರು ಎದುರುಬದುರು ನಿಂತು ಹಿಡಿಯಬೇಕು. ಎರಡೂ ಕೈ ತಲೆಯ ಮಟ್ಟಕ್ಕೆ ಎತ್ತಿ, ಒಮ್ಮೆ ಕೊಡವಿ, ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚಿ, ಹತ್ತಿರ ಬಂದು, ತುದಿ ಒಪ್ಪಿಸಿ, ಮತ್ತೆ ಹಿಂದೆ ಸರಿಯಬೇಕು. ಅಂಚು ನೆಲಕ್ಕೆ ತಾಗಿದರೆ ಆ ಶೀಟು ಪುನಃ ನೀರಿಗೆ, ಮಡಚಿದವರಿಗೆ ಮೇಸ್ತ್ರಿಯ ಮಂಗಳಾರತಿ. ಕುಳ್ಳಿ ಹೆಸರಿಗೆ ತಕ್ಕ ಹಾಗೆ ಮೊಳದುದ್ದದವಳು. ಅವಳ ಕೈ ಎಷ್ಟು ಎತ್ತಿದರೂ ಶೀಟು ನೆಲ ಮುಟ್ಟುತ್ತಿದ್ದರಿಂದ ಸೋಪಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತು ಮಡಚುತ್ತಿದ್ದಳು.

ಎದುರುಬದುರು ನಿಂತಾಗ ಇವಳ ಎಡಗೈಯ ಸೆಳೆತ ಅವಳ ಬಲಗೈಗೆ ಗೊತ್ತಾಗುತ್ತದೆ. ಬಹಳ ವರ್ಷ ಆ ತುದಿಯಲ್ಲಿ ಒಂದು ಗಟ್ಟಿ ಜಗ್ಗುವಿಕೆ ಇತ್ತು. ಕುಳ್ಳಿ ಒಂದೆರಡು ಸಲ ಪೆಟ್ಟಿಗೆಯಿಂದ ಮುಗ್ಗರಿಸಿ ಬಿದ್ದದ್ದೂ ಉಂಟು. ಹೋದ ಚಳಿಗಾಲದಲ್ಲಿ ಒಂದು ದಿನ ಆ ತುದಿ ಸಡಿಲವಾಯಿತು.

“ಲೇ ಎಡಚಿ, ಎಳಿಯೇ. ಊಟ ಮಾಡಿಲ್ವಾ?”

“ಎಳೀತಾನೇ ಇದೀನಲ್ಲೇ.”

“ಇದು ಎಳೆಯೋದಾ? ನಮ್ಮತ್ತೆ ಸೊಸೆಗೆ ಬಡಿಸೋ ಹಾಗಿದೆ. ಏನಾಯ್ತು ಕೈಗೆ?”

“ಭುಜ ಹಿಡ್ಕೊಂಡಿದೆ. ಮೇಲಕ್ಕೆ ಹೋಗ್ತಿಲ್ಲ.”

ಕುಳ್ಳಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಪೆಟ್ಟಿಗೆಯಿಂದ ಕೆಳಗಿಳಿದು ಅದನ್ನು ಕಾಲಿನಿಂದ ಗೋಡೆಗೆ ತಳ್ಳಿದಳು. “ಬಾ, ಮೇಜಿನ ಮೇಲೆ ಮಡಚೋಣ. ಈಗ ನೀನೂ ಕುಳ್ಳಿ, ನಾನೂ ಕುಳ್ಳಿ.”

ಹಾಗೆ ಅವರಿಬ್ಬರೂ ಸೇರಿ ಹೊಸ ಮಡಿಕೆಯೊಂದನ್ನು ಕಂಡುಹಿಡಿದರು. ಶೀಟನ್ನು ಮೊದಲು ಉದ್ದನೆಯ ಮೇಜಿನ ಮೇಲೆ ಚೆಲ್ಲಿ, ಎತ್ತುವ ಗೋಜೇ ಇಲ್ಲದೆ ಜಾರಿಸಿ ಮಡಚುವುದು. ಎಡಚಿಯ ಎಡಗೈ ಬರೀ ಒತ್ತಿಹಿಡಿದರೆ ಸಾಕು, ಎಳೆದಾಟವೆಲ್ಲ ಕುಳ್ಳಿಯದು. ಮೇಸ್ತ್ರಿ ಬೆನ್ನ ಹಿಂದೆ ಬಂದು ನಿಂತದ್ದು ನೋಡಿ ಇಬ್ಬರೂ ಮಡಚುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಕೈ ಕೆಲಸಕ್ಕೆ ಬಾರದೆಂದು ಗೊತ್ತಾದರೆ ನೆಲ ಒರೆಸುವವರ ಸಾಲಿಗೆ ಕಳಿಸುತ್ತಾನೆ. ಮೇಸ್ತ್ರಿ ಮಾತ್ರ ಗಡ್ಡ ಕೆರೆದುಕೊಂಡು, “ಇದು ಚೆನ್ನಾಗಿದೆಯಲ್ಲ, ಒಂದೂ ನೆಲಕ್ಕೆ ತಾಗ್ತಿಲ್ಲ” ಎಂದು ಉಳಿದ ಜೋಡಿಗಳಿಗೂ ಹಾಗೇ ಮಡಚಲು ಹೇಳಿದ. ಅಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನೋವಿಗೂ ಶಹಭಾಸ್‌ಗಿರಿ ಸಿಕ್ಕಿತ್ತು.

ಆ ನಗು ನಡೆದು ಒಂದು ವರ್ಷವಾಗುತ್ತ ಬಂತು. ಔಷಧಿ ಅಂಗಡಿಯವನು ಕೊಟ್ಟ ಮುಲಾಮು ತೀರಿತು, ಇನ್ನೊಂದು ಬಂತು. ಭುಜ ಮತ್ತು ಕುತ್ತಿಗೆ ಕೂಡುವ ಕಡೆ, ಕೊರಳ ಮೂಳೆಯ ತುದಿಯಲ್ಲಿ, ಒಂದು ಉಬ್ಬು ಎದ್ದಿತು. ಮೊದಲು ಹುಣಿಸೆಬೀಜದಷ್ಟು, ಆಮೇಲೆ ಮೊಟ್ಟೆಯಷ್ಟು. ಅವಳು ಅಂಗಿಯ ಕುತ್ತಿಗೆ ಮೇಲಕ್ಕೆಳೆದುಕೊಂಡಳು. “ಭುಜ ನೋಯ್ತಿದೆ” ಎಂದು ಒಂದು ಸಲ ಅಂದದ್ದಕ್ಕೆ ಕಿಟಕಿಯ ಪಕ್ಕದಿಂದ ಅತ್ತೆ, “ನೋಯದೇ ಇರೋ ಕೈ ಈ ಮನೇಲಿ ಯಾರದ್ದಿದೆ?” ಅಂದಳು. ಅದು ಕೊಂಕಾಗಿರಲಿಲ್ಲ. ನಲವತ್ತು ವರ್ಷ ಇದೇ ಒಲೆಯ ಮುಂದೆ ಸವೆದವಳ ಮಾತು. ಅವಳಿಗೂ ಇವಳಿಗೂ ನೋವೆಂದರೆ ಸಂಜೆಯ ಹೊತ್ತಿಗೆ ಬರುವ ನೆಂಟ, ಬೆಳಿಗ್ಗೆ ಕೆಲಸ ಆದರೆ ಮೈ ಚೆನ್ನಾಗಿದೆ ಎಂದೇ ಲೆಕ್ಕ.

ಒಂದು ದಿನ ತೊಳೆಯುವ ಯಂತ್ರದಿಂದ ಒದ್ದೆ ಶೀಟೊಂದನ್ನು ಎತ್ತಿದಳು. ಬಲಗೈಯಲ್ಲೇ ಎತ್ತಿದ್ದು; ಜಾರಿತೆಂದು ಎಡಗೈ ತಾನೇ ಮುಂದೆ ಹೋಯಿತು. ಒಣಗಿದ ಕಡ್ಡಿ ಮುರಿದ ಹಾಗೆ ಒಳಗೆಲ್ಲೋ ಸದ್ದಾಯಿತು. ಯಂತ್ರಗಳ ಗದ್ದಲದಲ್ಲೂ ಅದು ಅವಳಿಗೆ ಕೇಳಿಸಿತು. ಕುಳ್ಳಿ ಬಂದು ನೋಡುವಾಗ ಎಡಚಿ ಒದ್ದೆ ಬಟ್ಟೆಗಳ ರಾಶಿಯ ಮೇಲೆ ಕೂತು, ಎಡಗೈಯನ್ನು ಮಗುವನ್ನು ಹಿಡಿದ ಹಾಗೆ ಬಲಗೈಯಲ್ಲಿ ಎತ್ತಿ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಚಿತ್ರಗಳಾದವು. ಉಬ್ಬಿದ ಜಾಗಕ್ಕೆ ದಪ್ಪ ಸೂಜಿ ಚುಚ್ಚಿ ಚೂರು ತೆಗೆದರು. ಫಲಿತಾಂಶ ಬಂದ ದಿನ ಗಂಡನೂ ಅರ್ಧ ದಿನ ರಜೆ ಹಾಕಿ ಡಿಪೋದಿಂದಲೇ ಬಂದಿದ್ದ. ಮೂಳೆ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಬಳಸು ದಾರಿ ಗೊತ್ತಿಲ್ಲದವರು.

“ನೋವು ಯಾವಾಗಿಂದ ಅಮ್ಮ?”

“ಶೀಟು ಮಡಚೋ ರೀತಿ ಬದಲಾಯಿಸಿದಾಗಿಂದ” ಎಂದು ಬಾಯಿಗೆ ಬಂತು. ಆಮೇಲೆ, “ಹೋದ ಚಳಿಗಾಲದಿಂದ” ಅಂದಳು.

“ಮುಂಚೆ ಈ ಕಡೆ ರೇಡಿಯೇಷನ್ ಆಗಿದೆಯಲ್ಲ?”

ಆಗಿತ್ತು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ಎಡಮೊಲೆಯಲ್ಲಿ ಗಂಟು ಸಿಕ್ಕಿತ್ತು. ಕೊಯ್ದು ತೆಗೆದ ಮೇಲೆ ಎದೆ, ಕಂಕುಳು, ಕೊರಳ ಬುಡಕ್ಕೆ ವಾರಗಟ್ಟಲೆ ರೇಡಿಯೇಷನ್ ಕೊಟ್ಟಿದ್ದರು. ಬೆಂಚಿನ ಮೇಲೆ ಸಾಲಾಗಿ ಕಾಯುತ್ತಿದ್ದ ಹೆಂಗಸರ ಬಾಯಲ್ಲಿ ಅದು ‘ಕರೆಂಟು’. “ನಿಂದೆಷ್ಟು ಕರೆಂಟಾಯ್ತು?” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವಳು ಬೆಳಿಗ್ಗೆ ಕರೆಂಟು ಇಡಿಸಿಕೊಂಡು ಮಧ್ಯಾಹ್ನ ಲಾಂಡ್ರಿಗೆ ಹೋಗುತ್ತಿದ್ದಳು. ಎದೆಯ ಚರ್ಮ ಕಂದಿ, ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಮಾಗಿತು. ಐದು ವರ್ಷ ಆದ ಮೇಲೆ ಆ ಡಾಕ್ಟರು “ಗೆದ್ದಿರಿ” ಎಂದು ಬೆನ್ನು ತಟ್ಟಿದರು. ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದದ್ದನ್ನು ಎರಡು ವರ್ಷ ನಡೆಸಿದಳು. ಮೂರನೆಯ ವರ್ಷ ಅತ್ತೆ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಯಾರ ಮೈ ಯಾರು ತೋರಿಸುವುದು?

ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. “ಇದು ಹಳೇದು ಮತ್ತೆ ಬಂದಿರೋದಲ್ಲ. ಬೇರೇನೇ ಒಂದು, ಮೂಳೆಯಲ್ಲೇ ಹುಟ್ಟಿರೋ ಕ್ಯಾನ್ಸರು. ರೇಡಿಯೇಷನ್ ಬಿದ್ದಿದ್ದ ಜಾಗದೊಳಗೇ ಹುಟ್ಟಿದೆ. ಬಹಳ ಅಪರೂಪ. ಆದ್ರೆ ಎಷ್ಟೋ ವರ್ಷ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ.”

“ಕರೆಂಟಿಂದಾನೇ ಬಂತಾ?”

“ಹಾಗೇ ಕಾಣುತ್ತೆ.”

ಗಂಡ ಎದ್ದು ನಿಂತ. “ಅಂದ್ರೆ ಅವತ್ತು ಕೊಟ್ಟಿದ್ದೇ ತಪ್ಪು ತಾನೇ?”

“ಅಲ್ಲ. ಕೊಡದೆ ಇದ್ದಿದ್ರೆ ಹಳೇ ಕಾಯಿಲೆ ಮರಳಿ ಬರೋ ಅಪಾಯ ಇದಕ್ಕಿಂತ ತುಂಬಾನೇ ಜಾಸ್ತಿ ಇತ್ತು. ಇವತ್ತು ಅಂಥವರು ಬಂದ್ರೆ ನಾನೂ ತಗೊಳ್ಳಿ ಅಂತೀನಿ. ಹೀಗೂ ಆಗಬಹುದು ಅಂತಾನೂ ಹೇಳ್ತೀನಿ.”

“ನಂಗೆ ಯಾರೂ ಹೇಳ್ಲಿಲ್ಲ ಮೇಡಂ” ಅಂದಳು ಅವಳು.

ಗಂಡ ಮತ್ತೆ ಕೂತು, ಸಮವಸ್ತ್ರದ ಟೊಪ್ಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ, ನೆಲ ನೋಡಿಕೊಂಡು ಹೇಳಿದ: “ಹೇಳಿದ್ರು. ನೀನು ಒಳಗೆ ಅಂಗಿ ಹಾಕ್ಕೊಳ್ತಿದ್ದೆ. ಲಕ್ಷಕ್ಕೊಬ್ರಿಗೋ ಸಾವಿರಕ್ಕೊಬ್ರಿಗೋ, ಏನೋ ಅಂದ್ರು. ಆ ಜಾಗದಲ್ಲಿ ನೋವು ಗೀವು ಬಂದ್ರೆ ಯಾವಾಗ್ಲೇ ಆಗ್ಲಿ ಬಂದು ತೋರ್ಸಿ ಅಂದ್ರು. ಅಷ್ಟು ಅಪರೂಪದ್ದನ್ನ ನಿಂಗೆ ಹೇಳಿ ಯಾಕೆ ಹೆದರ್ಸೋದು ಅಂತ ಸುಮ್ನಾದೆ. ಆಮೇಲೆ ಮರ್ತೇಹೋಯ್ತು.”

ಅವಳು ಅವನ ಮುಖ ನೋಡಿದಳು. ಕೆಟ್ಟವನಲ್ಲ. ಹೊಡೆದವನಲ್ಲ, ಬೈದದ್ದೂ ಕಡಿಮೆ. ಕರೆಂಟಿನ ಆ ದಿನಗಳಲ್ಲಿ ಬಸ್ಸಿನ ಮುಂದಿನ ಸೀಟು ಹಿಡಿದಿಟ್ಟು ಕೂರಿಸಿಕೊಂಡು ಹೋಗುತ್ತಿದ್ದವನು. ಗೊತ್ತಿದ್ದರೂ ಅವಳು ಕರೆಂಟು ಬೇಡ ಅನ್ನುತ್ತಿರಲಿಲ್ಲ. ಏಳು ವರ್ಷದ ಮಗು ಇತ್ತು ಮಡಿಲಲ್ಲಿ. ಆದರೆ ಗೊತ್ತಿದ್ದರೆ, ಭುಜ ನೋಯಲು ಶುರುವಾದ ದಿನವೇ ಇಲ್ಲಿಗೆ ಬರುತ್ತಿದ್ದಳು. ಹೊಸ ಮಡಿಕೆ ಕಂಡುಹಿಡಿಯುತ್ತಿರಲಿಲ್ಲ. ಮೇಸ್ತ್ರಿಯ ಶಹಭಾಸ್‌ಗಿರಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿರಲಿಲ್ಲ.

ಡಾಕ್ಟರು ಮುಂದಿನದನ್ನು ಹೇಳಿದರು. ಅದೇ ಜಾಗಕ್ಕೆ ಮತ್ತೆ ಕರೆಂಟು ಕೊಡುವ ಹಾಗಿಲ್ಲ. ಮೂಳೆ ಮುರಿದಿರುವುದರಿಂದ ರೋಗ ಸುತ್ತಲ ಮಾಂಸಕ್ಕೂ ಚೆಲ್ಲಿದೆ, ಬರೀ ಗಂಟು ತೆಗೆದರೆ ಸಾಲದು. ಎಡಗೈಯನ್ನು ಭುಜ, ಹೆಗಲಿನ ಮೂಳೆ, ಕೊರಳ ಮೂಳೆಯ ಸಮೇತ ತೆಗೆಯಬೇಕು. ಆಮೇಲೆ ಔಷಧಿ. ತೆಗೆದರೆ ಒಂದು ಅವಕಾಶವಿದೆ. ತೆಗೆಯದಿದ್ದರೆ ನೋವು ಕಡಿಮೆ ಮಾಡಬಹುದು, ಅಷ್ಟೇ. ಬೇಗ ಹೇಳಬೇಕು.

“ಮನೇಲಿ ಮಾತಾಡಿ ಹೇಳ್ತೀವಿ” ಅಂದ ಗಂಡ.

ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅವಳು ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಕೈಯ ವಿಚಾರ ಅವಳ ತಲೆಯ ಮೇಲಿಂದ ಆ ಕಡೆ ಈ ಕಡೆ ಹಾರಾಡುತ್ತಿತ್ತು.

“ಕೈ ತೆಗಿಯೋದು ಅಂದ್ರೆ ಏನು, ಉಗುರು ತೆಗೆದ ಹಾಗಾ?” ಗಂಡ ಹೇಳಿದ. “ಒಂದೇ ಕೈಯಲ್ಲಿ ಇವಳೇನು ಮಾಡ್ತಾಳೆ? ಒಲೆ ಮುಂದೆ ನಿಲ್ಲೋಕಾಗತ್ತಾ? ಅಮ್ಮನ್ನ ಎತ್ತೋಕಾಗತ್ತಾ? ಬೇರೆ ಡಾಕ್ಟ್ರನ್ನ ಕೇಳೋಣ. ಬರೀ ಔಷಧಿ ಕೊಡೋರು ಯಾರಾದ್ರೂ ಇರ್ತಾರೆ.”

“ಅಪ್ಪ, ಅಮ್ಮ ಏನು ಮಾಡ್ತಾಳೆ ಅಂತಲ್ಲ, ಅಮ್ಮ ಇರ್ತಾಳಾ ಅಂತ ಕೇಳು” ಅಂದಳು ಮಗಳು. ಅವಳಿಗೆ ಈಗ ಹತ್ತೊಂಬತ್ತು ದಾಟಿತ್ತು. ಲಿಫ್ಟ್ ಕೂರಿಸುವ, ರಿಪೇರಿ ಮಾಡುವ ಕೆಲಸದ ತರಬೇತಿಗೆ ದೂರದ ಊರಿನಲ್ಲಿ ಜಾಗ ಸಿಕ್ಕಿತ್ತು. ಬರುವ ಶನಿವಾರ ಹೊರಡಬೇಕಿತ್ತು. ಆ ಜಾಗದ ಸುದ್ದಿ ಬಂದ ದಿನ ಅಜ್ಜಿ, “ಮೇಲೆ ಹೋಗೋದು ಕೆಳಗೆ ಬರೋದು ಕಲಿಯೋಕೆ ಊರು ಬಿಡಬೇಕಾ? ನಿಮ್ಮಮ್ಮ ದಿನಾ ಮೆಟ್ಟಿಲಲ್ಲಿ ಅದನ್ನೇ ಮಾಡ್ತಾಳೆ” ಎಂದು ಮನೆಮಂದಿಯನ್ನೆಲ್ಲ ನಗಿಸಿದ್ದಳು. “ತೆಗೆಸೋಣ” ಅಂದಳು ಮಗಳು ಈಗ. “ಮನೆ ನಾನು ನೋಡ್ಕೋತೀನಿ. ತರಬೇತಿಗೆ ಮುಂದಿನ ವರ್ಷ ಹೋದ್ರಾಯ್ತು.”

ಗಂಡನ ಹೆಗಲು ಸ್ವಲ್ಪ ಇಳಿಯಿತು. ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. “ಅದೂ ಸರಿಯೇ. ಮಗಳಿದಾಳಲ್ಲ. ಹಾಗಾದ್ರೆ ಯೋಚ್ನೆ ಮಾಡಬಹುದು.”

ಆ ಉಸಿರನ್ನು ಅವಳು ಕೇಳಿಸಿಕೊಂಡಳು. ಮೂಳೆ ಮುರಿದ ಸದ್ದು ಇದಕ್ಕಿಂತ ಸಣ್ಣದಿತ್ತು.

ಎಲ್ಲರೂ ಎದ್ದುಹೋದ ಮೇಲೆ ಅತ್ತೆ ಕಿಟಕಿಯ ಬಳಿಯಿಂದ ಕರೆದಳು. “ಇಲ್ಲಿ ಬಾರೇ. ಕೂತ್ಕೋ.” ಕೂತಳು. ಮುದುಕಿ ಬಹಳ ಹೊತ್ತು ತನ್ನ ಸುಕ್ಕುಗಟ್ಟಿದ ಕೈಗಳನ್ನೇ ನೋಡಿಕೊಂಡಿದ್ದಳು. “ನಾನು ಸುಳ್ಳು ಹೇಳಲ್ಲ. ಕೈ ತೆಗೀತಾರೆ ಅಂದ ತಕ್ಷಣ ನಂಗೆ ನೆನಪಾಗಿದ್ದು ನನ್ನ ಸ್ನಾನ. ಇನ್ನು ನಂಗೆ ನೀರು ಹಾಕೋರು ಯಾರು ಅಂತ. ಆಮೇಲೆ ನಿನ್ನ ಮುಖ ನೋಡ್ದೆ. ವಯಸ್ಸಾದ್ರೆ ಮನುಷ್ಯರು ಬರೀ ಹೊಟ್ಟೆ ಬಚ್ಚಲು ಆಗ್ಬಿಡ್ತೀವಿ ಕಣೇ.”

“ಹೋಗ್ಲಿ ಬಿಡಿ ಅತ್ತೆ.”

“ಬಿಡೋದೇನು? ನನ್ನ ಮಗನಿಗೂ ಅದೇ ನೆನಪಾಗಿದ್ದು. ಅವನು ಹೇಳ್ಕೊಳಲ್ಲ, ಅಷ್ಟೇ.”

ಆ ಮನೆಯಲ್ಲಿ ಅಂದು ಆಡಿದ ಮಾತುಗಳಲ್ಲಿ ಅವಳಿಗೆ ಹಿತವಾದದ್ದು ಅದೊಂದೇ.

ಕುಳ್ಳಿ ಕೆಲಸ ಮುಗಿಸಿ ನೋಡಲು ಬಂದಳು. ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ. ಅವಳು ಬಂದರೆ ಮನೆ ತುಂಬಾ ನಗು. ಇವತ್ತು ಮುಖ ಹಿಂಡಿದ ಬಟ್ಟೆಯ ಹಾಗಿತ್ತು.

“ನಂದೇ ತಪ್ಪು ಕಣೇ. ಅವತ್ತು ನಾನು ಆ ಪೆಟ್ಟಿಗೆಯಿಂದ ಇಳೀಬಾರದಿತ್ತು.”

“ಏನು ಹುಚ್ಚು ಮಾತು.”

“ಹುಚ್ಚಲ್ಲ. ನಾನು ಸುಮ್ನೆ ನಿಂತಿದ್ರೆ ಶೀಟು ನೆಲಕ್ಕೆ ತಾಗ್ತಿತ್ತು. ಮೇಸ್ತ್ರಿ ಬೈತಿದ್ದ. ನಾಲ್ಕು ದಿನ ಬೈಸ್ಕೊಂಡಿದ್ರೆ ನೀನು ಆಸ್ಪತ್ರೆಗೆ ಹೋಗ್ತಿದ್ದೆ. ಒಳ್ಳೇದು ಮಾಡೋಕೆ ಹೋಗಿ...”

ಎಡಚಿ ಬಲಗೈ ಚಾಚಿ ಅವಳನ್ನು ಒಳಕ್ಕೆಳೆದುಕೊಂಡಳು. “ನೀನೊಬ್ಬಳು ನೋಡಿದೆ ಅಂತ ತಾನೇ ಇಳಿದಿದ್ದು. ಉಳಿದೋರು ನೋಡ್ಲೇ ಇಲ್ವಲ್ಲ.” ಇಬ್ಬರೂ ಗೋಡೆಗೊರಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕುಳ್ಳಿ ಮೂಗೊರೆಸಿಕೊಂಡು, “ಮೇಸ್ತ್ರಿ ಇವತ್ತು ನನ್ನ ಜೊತೆ ಒಬ್ಬ ಉದ್ದನೆಯವಳನ್ನ ಹಾಕಿದಾನೆ. ನಾನು ಅವಳ ಸೊಂಟದ ಹತ್ರ ಮಾತಾಡ್ತೀನಿ, ಅವಳು ನನ್ನ ಬೈತಲೆ ನೋಡ್ಕೊಂಡು ಉತ್ತರ ಕೊಡ್ತಾಳೆ” ಅಂದಳು. ಎಡಚಿ ನಗಲು ಹೋದಳು. ಭುಜ ಅಲುಗಿ ನೋವು ಕಿವಿಯ ತನಕ ಹರಿಯಿತು.

ಮರುದಿನ ಎಚ್ಚರವಾದಾಗ ಒಲೆಯ ಸದ್ದು ಕೇಳಿಸಿತು. ಹೊರಗೆ ಇನ್ನೂ ಕತ್ತಲೆ. ತಾನು ಎದ್ದಿಲ್ಲ, ಹಾಗಾದರೆ ಒಲೆ ಹಚ್ಚಿದ್ದು ಯಾರು? ಎದ್ದು ಬಂದು ಬಾಗಿಲಲ್ಲಿ ನಿಂತಳು. ಮಗಳು ತೋಳು ಮಡಚಿ ಹಿಟ್ಟು ನಾದುತ್ತಿದ್ದಳು. ಪಾತ್ರೆ ತೊಳೆದಾಗಿತ್ತು, ಬೋರಲು ಹಾಕಿಯಾಗಿತ್ತು. ಅಪ್ಪನ ಡಬ್ಬಿ ಬಾಯ್ತೆರೆದು ಕಾಯುತ್ತಿತ್ತು. ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವುದರ ಹಿಂದೆ ಯಾವುದು ಎಂದು ಅವಳಿಗೆ ಗೊತ್ತಿತ್ತು. ಹೆಣ್ಣುಮಕ್ಕಳು ನಿದ್ದೆಯಲ್ಲೂ ಕಲಿಯುವ ಪಾಠ ಅದು. ತಾಯಿಗೆ ಎಡಗೈ ಕಳೆದುಕೊಳ್ಳುವ ಭಯಕ್ಕೆ ಕಣ್ಣಲ್ಲಿ ನೀರು ಬಂದಿರಲಿಲ್ಲ, ಈಗ ಬಂತು.

“ಬಿಡೇ ಅದನ್ನ. ಕೈ ತೊಳ್ಕೊಂಡು ಬಾ ಇಲ್ಲಿ.”

“ಇನ್ನೊಂದು ಚೂರಮ್ಮ, ಅಪ್ಪಂಗೆ ಹೊತ್ತಾಗುತ್ತೆ.”

“ಆಗ್ಲಿ.”

ಆ ಪದ ಆ ಅಡಿಗೆಮನೆ ಇದುವರೆಗೆ ಕೇಳಿರಲಿಲ್ಲ. ಮಗಳು ಕೈ ತೊಳೆದು ಬಂದು ಎದುರು ಕೂತಳು. ತಾಯಿ ಡಾಕ್ಟರು ಹೇಳಿದ್ದಷ್ಟನ್ನೂ ಒಂದೂ ಬಿಡದೆ ಹೇಳಿದಳು. ಕರೆಂಟಿನಿಂದ ಬಂದದ್ದು. ಕೈ ಎಲ್ಲಿಂದ ತೆಗೆಯುತ್ತಾರೆ ಎನ್ನುವುದು. ತೆಗೆದರೂ ಉಳಿಯುತ್ತೇನೆಂಬ ಖಾತ್ರಿ ಇಲ್ಲ ಎನ್ನುವುದು. ಅಪ್ಪನಿಗೆ ಅಂದೇ ಗೊತ್ತಿತ್ತು ಎನ್ನುವುದನ್ನೂ ಹೇಳಿದಳು. ಮಗಳ ಮುಖ ಬಿಳಚಿಕೊಂಡಿತು.

“ಇದನ್ನೆಲ್ಲ ಯಾಕಮ್ಮ ಹೇಳ್ತಿದೀಯ?”

“ನಂಗೆ ಅವತ್ತು ಯಾರೂ ಹೇಳ್ಲಿಲ್ಲ, ಅದಕ್ಕೆ. ಇನ್ನೊಂದು ಮಾತು. ನೀನು ಶನಿವಾರ ಹೊರಡು.”

“ನಿನ್ನ ಹೀಗೆ ಬಿಟ್ಟು ಹೋಗ್ಲಾ? ನಾನೇನು ಕಲ್ಲಾ?”

“ನಾನು ಆಸ್ಪತ್ರೇಲಿದ್ರೆ ಬಂದು ನೋಡು. ಹಣ್ಣು ತಗೊಂಡು ಬಾ, ಪಕ್ಕದಲ್ಲಿ ಕೂತು ಅಳು, ಬೇಡ ಅನ್ನಲ್ಲ. ಆದ್ರೆ ನನ್ನ ಕೈ ಹೋದ ಜಾಗದಲ್ಲಿ ನೀನು ಬಂದು ಕೂರಬೇಡ. ನನ್ನ ಕೈ ಆಗ್ಬೇಡ ನೀನು.”

“ಮತ್ತೆ ಮನೆ?”

“ಮನೇಲಿ ಎರಡು ಕೈ ಇರೋರು ಇನ್ನೊಬ್ಬರಿದಾರಲ್ಲ. ಅಷ್ಟು ದೊಡ್ಡ ಬಸ್ಸು ತಿರುಗಿಸ್ತಾರೆ, ಸೌಟು ತಿರುಗಿಸೋಕಾಗಲ್ವಾ?”

ಮಗಳು ತಾಯಿಯ ಮಡಿಲಲ್ಲಿ ತಲೆಯಿಟ್ಟಳು, ಪಟ್ಟಿ ಕಟ್ಟಿದ ಕೈಗೆ ತಾಗದ ಹಾಗೆ, ಹುಷಾರಾಗಿ. ನಾದಿದ ಹಿಟ್ಟು ಮುಚ್ಚದೆ ಅಲ್ಲೇ ಒಣಗಿತು. ಗಂಡ ಅಂದು ಡಬ್ಬಿಯಿಲ್ಲದೆ, ಮುಖ ಊದಿಸಿಕೊಂಡು ಡಿಪೋಗೆ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: “ನಾನು ಒಬ್ಬರನ್ನ ವಿಚಾರಿಸಿದೀನಿ. ಗಿಡಮೂಲಿಕೆ ಕೊಡ್ತಾರಂತೆ, ಕೈ ತೆಗಿಯೋದೇ ಬೇಡ್ವಂತೆ. ಭಾನುವಾರ ಹೋಗೋಣ. ನಾನು ಹೇಳೋವರೆಗೂ ಆ ಡಾಕ್ಟ್ರ ಹತ್ರ ಏನೂ ಹೇಳಬೇಡ.”

“ರೀ, ಕೈ ನಂದು.”

“ನಿಂದೇನೇ. ಆದ್ರೆ ನಾವೆಲ್ಲ ಏನಾಗ್ಬೇಕು?” ಅಂದ. ಅವನ ಕಣ್ಣೂ ಒದ್ದೆಯಾಗಿತ್ತು. ಅವನು ಹೆದರಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಹೆಂಡತಿ ಹೋಗುವಳೆಂಬ ಹೆದರಿಕೆ ಎಷ್ಟು, ಹೊತ್ತಿಗೆ ಸರಿಯಾಗಿ ಸಿಗುವ ಊಟ ಹೋಗುವುದೆಂಬ ಹೆದರಿಕೆ ಎಷ್ಟು ಎಂದು ಅವನಿಗೇ ಬೇರ್ಪಡಿಸಿ ಹೇಳಲು ಬರುತ್ತಿರಲಿಲ್ಲ.

ಬಿಸಿಲೇರಿದ ಮೇಲೆ ಅವಳು ಒಬ್ಬಳೇ ಹೊರಟಳು. ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಟವೆಲು, ಬಾಚಣಿಗೆ. ಅತ್ತೆ ಕಿಟಕಿಯಿಂದ ಚೀಲ ನೋಡಿದಳು, ಎಲ್ಲಿಗೆ ಎಂದು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು.

“ಯಾರೂ ಇಲ್ಲ ಮೇಡಂ. ನಾನೇ. ಒಂದಷ್ಟು ಕೇಳೋದಿತ್ತು.” ಕೇಳಿದಳು. ನೋವು ಎಷ್ಟು ದಿನ? ಕೈ ಹೋದ ಮೇಲೂ ಕೈ ನೋಯುತ್ತದಂತೆ, ನಿಜವೇ? ಒಂದು ಕಡೆ ಭಾರ ಕಡಿಮೆಯಾದರೆ ನಡೆಯುವಾಗ ವಾಲುತ್ತೇನಾ? ಕೊನೆಗೆ, “ತೆಗೆದ್ರೆ ಬದುಕ್ತೀನಾ?”

“ಮಾತು ಕೊಡೋಕಾಗಲ್ಲ ಅಮ್ಮ. ಬದುಕಬಹುದು. ಮತ್ತೆ ಬೇರೆ ಕಡೆ ಬರಲೂಬಹುದು. ತೆಗೀದೆ ಬಿಟ್ರೆ ಏನಾಗುತ್ತೆ ಅನ್ನೋದನ್ನ ಮಾತ್ರ ಖಂಡಿತವಾಗಿ ಹೇಳಬಲ್ಲೆ.” ಡಾಕ್ಟರು ರಿಜಿಸ್ಟರು ತಿರುವಿ ಹೇಳಿದರು: “ಹಾಸಿಗೆ ಒಂದು ಖಾಲಿ ಇದೆ. ಇವತ್ತೇ ಸೇರ್ಕೊಂಡ್ರೆ ಪರೀಕ್ಷೆಗಳು ಮುಗೀತವೆ, ಗುರುವಾರ ಆಪರೇಷನ್ ಮಾಡಬಹುದು. ಇಲ್ಲಾಂದ್ರೆ ಮನೆಗೆ ಹೋಗಿ, ಎಲ್ಲರನ್ನೂ ಒಪ್ಪಿಸಿ ಬನ್ನಿ. ಆದ್ರೆ ಆಗ ಹಾಸಿಗೆ ಯಾವಾಗ ಸಿಗುತ್ತೋ ಹೇಳಲಾರೆ. ಸ್ವಲ್ಪ ಹೊತ್ತು ಹೊರಗೆ ಕೂತು ಯೋಚ್ನೆ ಮಾಡಿ.”

ಹೊರಗೆ ಉದ್ದನೆಯ ಬೆಂಚು. ಅತ್ತ ಕೊನೆಯಲ್ಲಿ ಒಬ್ಬಳು ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಎಡಚಿ ಪಟ್ಟಿಯ ಗಂಟು ಬಿಚ್ಚಿ, ಎಡಗೈಯನ್ನು ಮೆಲ್ಲಗೆ ತೊಡೆಯ ಮೇಲಿಳಿಸಿ ನೋಡಿದಳು. ಬೆರಳ ಸಂದಿಯಲ್ಲಿ ಸೋಪಿನ ಬಿರುಕು. ಹೆಬ್ಬೆರಳ ಬುಡದಲ್ಲಿ ಕುದಿನೀರು ಬಿದ್ದ ಕಲೆ. ಮಣಿಕಟ್ಟಿನಲ್ಲಿ ರೋಲರು ತಾಗಿದ ಗೆರೆ. ಗುರುತುಗಳೆಲ್ಲ ಕೆಲಸದ್ದೇ. ಈ ಕೈ ಕೆಲಸವಲ್ಲದ್ದು ಏನಾದರೂ ಮಾಡಿದ್ದುಂಟೇ ಎಂದು ಹುಡುಕಿದಳು. ಬಹಳ ಹೊತ್ತು ಏನೂ ಸಿಗಲಿಲ್ಲ. ಮಗುವನ್ನು ಎತ್ತಿದ್ದು, ತಟ್ಟಿ ಮಲಗಿಸಿದ್ದು. ಅದೂ ಕೆಲಸವೇ, ಪ್ರೀತಿಯದ್ದಾದರೂ. ಇನ್ನೂ ಹಿಂದಕ್ಕೆ ಹೋದಾಗ ಒಂದು ಸಿಕ್ಕಿತು. ಕೆರೆಯ ದಂಡೆ, ಚಪ್ಪಟೆ ಕಲ್ಲು. ಅವಳು ಎಡಗೈಯಲ್ಲಿ ಬೀಸಿದರೆ ಕಲ್ಲು ನೀರಿನ ಮೇಲೆ ಕಪ್ಪೆಯ ಹಾಗೆ ಹಾರಿ ಹಾರಿ ಆಚೆ ದಂಡೆಗೆ ಮುಟ್ಟುತ್ತಿತ್ತು. ಊರಿನ ಗಂಡುಹುಡುಗರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆ ಕಲ್ಲುಗಳಿಂದ ಯಾರಿಗೂ ಯಾವ ಉಪಯೋಗವೂ ಇರಲಿಲ್ಲ.

ಬಲಗೈಯಿಂದ ಎಡಗೈಯ ಬೆರಳುಗಳನ್ನು ಮುಚ್ಚಿ ಹಿಡಿದು, ಬೆಂಚಿನ ಮೇಲೆ ಬಾಗಿ ಅತ್ತಳು. ಸದ್ದು ಮಾಡದೆ ಅಳುವುದು ಅಭ್ಯಾಸವಾಗಿತ್ತು. ಆದರೂ ಬಿಸ್ಕತ್ತು ತಿನ್ನಿಸುತ್ತಿದ್ದವಳು ತಿರುಗಿ ನೋಡಿ, ಏನೂ ಕೇಳದೆ ಹತ್ತಿರ ಸರಿದು ಕೂತಳು.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಗಂಡ. ಪಾಳಿ ಮುಗಿಸಿ ಮನೆಗೆ ಬಂದಿರಬೇಕು, ಒಲೆ ತಣ್ಣಗಿರುವುದನ್ನು ನೋಡಿರಬೇಕು. ಎತ್ತಿದರೆ ಅವನು ಅಳುತ್ತಾನೆ, ಅವನ ಅಳು ಕೇಳಿದರೆ ತಾನು ಎದ್ದು ಬಸ್ಸು ಹತ್ತುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಫೋನು ತಾನಾಗಿ ನಿಲ್ಲುವ ತನಕ ಕಾದಳು. ಮುಖ ಒರೆಸಿಕೊಂಡು ಒಳಗೆ ಹೋದಳು.

“ತೆಗೀರಿ ಮೇಡಂ. ಸೇರ್ಕೋತೀನಿ.”

“ಮನೆಗೆ ಯಾರು ಹೇಳ್ತಾರೆ? ನಮ್ಮ ಕಡೆಯಿಂದ ಫೋನ್ ಮಾಡಿಸ್ಲಾ?”

“ಬೇಡ. ಹಾಸಿಗೆ ಮೇಲೆ ಕೂತ ಮೇಲೆ ನಾನೇ ಹೇಳ್ತೀನಿ” ಅಂದಳು. “ಈಗ್ಲೇ ಹೇಳಿದ್ರೆ ಎದ್ದು ಹೋಗೋ ಬುದ್ಧಿ ಬಂದ್ಬಿಡಬಹುದು. ಬೇಗ ತೋರ್ಸಿ, ವಾರ್ಡು ಯಾವ ಕಡೆ?”